ಸೀಬೆ ಎಲೆ ಸಕ್ಕರೆ-ಪ್ರೋಟೀನ್ ಅಂಟೋದನ್ನ ತಡೆಯತ್ತಾ? ಕಾಲೇಜ್ ಲ್ಯಾಬಲ್ಲೇ ನೋಡೋದು ಹೇಗೆ

ಪ್ರಾಜೆಕ್ಟ್ ಸೀಸನ್ ಶುರುವಾಯ್ತು ಅಂದ್ರೆ ಸಾಕು, ಎಂಎಸ್ಸಿ ಬಯೋಕೆಮಿಸ್ಟ್ರಿ ಹುಡುಗ್ರು ಒಂದೊಂದು ಕವರಲ್ಲಿ ಒಂದೊಂದು ಸೊಪ್ಪು ತುಂಬ್ಕೊಂಡು ಬಂದು "ಮೇಡಂ, ಇದ್ರದ್ದು ಆಂಟಿಗ್ಲೈಕೇಶನ್ ನೋಡ್ಬೇಕು" ಅಂತ ನಿಂತ್ಕೋತಾರೆ. ಗ್ಲೈಕೇಶನ್ ಅಂದ್ರೆ ಸಕ್ಕರೆ ಹೋಗಿ ಪ್ರೋಟೀನಿಗೆ ಅಂಟೋದು, ಅದನ್ನ ತಡೆಯೋ ಗುಣಾನೇ ಆಂಟಿಗ್ಲೈಕೇಶನ್. ನುಗ್ಗೆ, ಕರಿಬೇವು, ದೊಡ್ಡಪತ್ರೆ, ಮಧುನಾಶಿನಿ, ಒಬ್ಬ ಅಂತೂ ಹಬ್ಬಕ್ಕೆ ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣಾನೇ ಬಿಚ್ಕೊಂಡು ಬಂದಿದ್ದ. ಒಬ್ಬೊಬ್ರಿಗೂ ಅದೇ ಮಾತು ಹತ್ತು ಸಲ ಹೇಳೋ ಬದ್ಲು ಒಂದ್ಸಲ ಬರ್ದು ಹಾಕ್ಬಿಡೋಣ ಅಂತ ಕೂತಿದ್ದೀನಿ. ನಾನು ಸೀಬೆ ಎಲೆ ಇಟ್ಕೊಂಡು ಹೇಳ್ತೀನಿ, ಉತ್ತರ ಕರ್ನಾಟಕದವ್ರು ಪೇರಲ ಅನ್ನಿ, ಮಂಗ್ಳೂರು ಕಡೆಯವ್ರು ಪೇರಳೆ ಅನ್ನಿ, ಮರ ಒಂದೇ. ಅದ್ಯಾಕೆ ಸೀಬೆ ಅಂದ್ರೆ ಹಿತ್ತಲಲ್ಲೇ ಸಿಗತ್ತೆ, ಎಲೇಲಿ ಕ್ವೆರ್ಸೆಟಿನ್ ಜಾತಿಯ ಫ್ಲೇವನಾಯ್ಡ್‌ಗಳು ಚೆನ್ನಾಗಿವೆ, ಜಪಾನಲ್ಲಂತೂ ಊಟದ ಜೊತೆ ಕುಡಿಯೋಕೆ ಸೀಬೆ ಎಲೆ ಟೀ ಅಂತಾನೇ ಮಾರ್ತಾರೆ. ನಿಮ್ಮ ಎಲೆ ಬೇರೆ ಆದ್ರೂ ಕೆಲಸ ಇದೇ.

ಏನು ನೋಡ್ತಿದ್ದೀವಿ ಅಂತ ಮೊದ್ಲು ತಿಳ್ಕೊಳಿ

ಧಾರವಾಡ ಪೇಡ ನೆನಪಿಸ್ಕೊಳ್ಳಿ. ಹಾಲು ಕಾಸಿ ಕಾಸಿ ಖೋವಾ ಮಾಡಿ, ಬಾಣಲೀಲಿ ಕೈ ಬಿಡದೆ ಹುರೀತಾ ಹೋದ್ರೆ ಬೆಳ್ಳಗಿದ್ದದ್ದು ಕಂದು ಆಗತ್ತಲ್ಲ, ಆ ಬಣ್ಣ ಆ ಘಮ ಬಹುಪಾಲು ಬರೋದು ಹಾಲಿನ ಪ್ರೋಟೀನು ಹಾಲಲ್ಲೇ ಇರೋ ಲ್ಯಾಕ್ಟೋಸ್ ಜೊತೆ ಅಂಟ್ಕೊಂಡು ಬದಲಾಗೋದ್ರಿಂದ. ನಾವು ಮೇಲಿಂದ ಸುರಿಯೋ ಸಕ್ಕರೆ ಸುಕ್ರೋಸು, ಅದು ಒಡೆದು ಗ್ಲೂಕೋಸ್ ಫ್ರಕ್ಟೋಸ್ ಆಗೋ ತನಕ ಈ ಆಟಕ್ಕೆ ಬರಲ್ಲ. ಸಕ್ಕರೆ ಮತ್ತೆ ಅಮೈನೋ ಆಸಿಡ್ ಸೇರಿಸಿ ಕಾಸಿದ್ರೆ ಹೀಗೆ ಕಂದಾಗತ್ತೆ ಅಂತ 1912ರಲ್ಲಿ ಬರೆದವ್ರು ಫ್ರಾನ್ಸಿನ ಲೂಯಿ ಕಾಮಿಲ್ ಮೈಯಾರ್, ಅದಕ್ಕೇ ಮೈಯಾರ್ ರಿಯಾಕ್ಷನ್ ಅನ್ನೋ ಹೆಸರು.

ಪೇಡದಲ್ಲಿ ಒಂದು ಗಂಟೇಲಿ ಆಗೋದು ನಮ್ಮ ಮೈಯಲ್ಲಿ 37 ಡಿಗ್ರೀಲಿ, ತುಂಬಾ ಸಣ್ಣ ಉರೀಲಿ, ವರ್ಷಗಟ್ಟಲೆ ಆಗ್ತಾ ಇರತ್ತೆ. ಗ್ಲೂಕೋಸಿನ ಆಲ್ಡಿಹೈಡ್ ತುದಿ ಪ್ರೋಟೀನಿನ ಲೈಸೀನ್ ಮೇಲಿರೋ ಅಮೈನೋ ಗುಂಪಿಗೆ ಹೋಗಿ ಕೂರತ್ತೆ, ಮೊದ್ಲು ಶಿಫ್ ಬೇಸ್, ಅಲ್ಲಿವರೆಗೂ ಬಿಟ್ಟು ಹೋಗೋ ದಾರಿ ಇರತ್ತೆ, ಆಮೇಲೆ ಅದು ಒಳಗೊಳಗೇ ತಿರುಗ್ಕೊಂಡು ಅಮಡೋರಿ ಅನ್ನೋ ಗಟ್ಟಿ ರೂಪಕ್ಕೆ ಬರತ್ತೆ. ಡಯಾಬಿಟಿಸ್ ಇರೋ ಮನೇಲೆಲ್ಲ ಗೊತ್ತಿರೋ ಮೂರು ತಿಂಗಳ ಶುಗರ್ ಟೆಸ್ಟು, ಎಚ್‌ಬಿಎ1ಸಿ, ಅದು ಹಿಮೋಗ್ಲೋಬಿನ್ ಮೇಲೆ ಕೂತಿರೋ ಈ ಅಮಡೋರಿ ರೂಪಾನೇ ಅಳೆಯೋದು. ಕೆಂಪು ರಕ್ತಕಣ ಸುಮಾರು 120 ದಿನ ಬದುಕತ್ತೆ, ಅದಕ್ಕೇ ಅದು ಎರಡು ಮೂರು ತಿಂಗಳ ಲೆಕ್ಕ ಹೇಳತ್ತೆ. ರಕ್ತಕಣ ಸತ್ತು ಹೋಗತ್ತೆ ಬಿಡಿ, ಕಣ್ಣಿನ ಲೆನ್ಸಲ್ಲಿರೋ ಕ್ರಿಸ್ಟಲಿನ್, ಚರ್ಮ ಮತ್ತೆ ರಕ್ತನಾಳದ ಕೊಲಾಜನ್ ಇವೆಲ್ಲ ವರ್ಷಾನುಗಟ್ಲೆ ಅಲ್ಲೇ ಇರತ್ತೆ, ಅವುಗಳ ಮೇಲೆ ಅಮಡೋರಿ ಒಡೆದು ಮೀಥೈಲ್‌ಗ್ಲೈಆಕ್ಸಾಲ್ ಥರದ ಚುರುಕು ಡೈಕಾರ್ಬೊನಿಲ್‌ಗಳು ಹುಟ್ಟಿ, ಅವು ಮತ್ತೆ ಪ್ರೋಟೀನಿಗೆ ಅಂಟಿ, ಕೊನೆಗೆ ಕಂದು ಬಣ್ಣದ, ಕೆಲವು ಮಿನುಗೋ, ಒಂದು ಪ್ರೋಟೀನನ್ನ ಇನ್ನೊಂದಕ್ಕೆ ಹೊಲಿಗೆ ಹಾಕಿಬಿಡೋ ಪದಾರ್ಥಗಳಾಗತ್ತೆ. ಇವನ್ನೇ ಎಜಿಇ (ಅಡ್ವಾನ್ಸ್ಡ್ ಗ್ಲೈಕೇಶನ್ ಎಂಡ್ ಪ್ರಾಡಕ್ಟ್) ಅನ್ನೋದು. ಕಣ್ಣಿನ ಪೊರೆ, ಬಿರುಸಾದ ರಕ್ತನಾಳ, ಕಿಡ್ನಿ ತೊಂದರೆ ಇವುಗಳ ಹಿಂದೆ ಇವುಗಳ ಕೈವಾಡ ಇದೆ.

ಈ ಮಿನುಗೋ ಗುಣಾನೇ, ಅಂದ್ರೆ ಫ್ಲೋರೆಸೆನ್ಸ್, ನಮ್ಮ ಲ್ಯಾಬಿಗೆ ಅನುಕೂಲ. ಟ್ಯೂಬಲ್ಲಿ ಪ್ರೋಟೀನು ಸಕ್ಕರೆ ಹಾಕಿ ಬೆಚ್ಚಗಿಟ್ಟು, 370 ನ್ಯಾನೋಮೀಟರ್ ಬೆಳಕು ಹೊಡೆದು 440ರಲ್ಲಿ ಎಷ್ಟು ಮಿನುಗತ್ತೆ ಅಂತ ಫ್ಲೋರಿಮೀಟರಲ್ಲಿ ನೋಡೋದು. ಎಲೆ ಸಾರ ಹಾಕಿದ್ರೆ ನಂಬರ್ ಇಳೀತಾ? ಇಳಿದ್ರೆ ತಡೆದಿದೆ. ಹಿಂಗಂತ ಎಲ್ರೂ ಅನ್ಕೋತಾರೆ, ಅಲ್ಲೇ ಎಡವೋದು. ನಂಬರ್ ಇಳಿಯೋಕೆ ಇನ್ನೂ ಮೂರು ನಾಲ್ಕು ದಾರಿ ಇದೆ, ಅವುಗಳಲ್ಲಿ ಒಂದಕ್ಕೂ ಗ್ಲೈಕೇಶನ್ನಿಗೂ ಸಂಬಂಧ ಇಲ್ಲ. ಈ ಬರಹದ ಅರ್ಧ ಅದಕ್ಕೇ ಮೀಸಲು.

ಎಲೆ ತರೋದು, ಒಣಗಿಸೋದು

ಒಂದೇ ಮರ, ಒಂದೇ ದಿನ, ಬೆಳಿಗ್ಗೆ. ಚಿಗುರೂ ಬೇಡ, ಹಳದಿ ತಿರುಗಿದ್ದೂ ಬೇಡ, ಕೊಂಬೆಯ ತುದಿಯಿಂದ ಮೂರನೇ ನಾಲ್ಕನೇ ಜೋಡಿ ಎಲೆ ಒಂದೇ ವಯಸ್ಸಿಂದು ಸಿಗತ್ತೆ. ತೋಟದ ಮರ ಆದ್ರೆ ಔಷಧಿ ಹೊಡ್ದಿದ್ದಾರಾ ಅಂತ ಮಾಲೀಕರನ್ನ ಕೇಳಿ. ಹೂವೋ ಕಾಯೋ ಇರೋ ಒಂದು ರೆಂಬೆ ಜೊತೆಗೆ ತಂದು ಬಾಟನಿ ಡಿಪಾರ್ಟ್ಮೆಂಟಿಗೆ ಕೊಟ್ಟು ಗುರುತು ಮಾಡಿಸಿ, ಹರ್ಬೇರಿಯಂ ನಂಬರ್ ತಗೊಂಡು ಆವತ್ತೇ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಸೀಬೆ ಎಲೆ ಯಾರಿಗೆ ಗೊತ್ತಾಗಲ್ಲ ಅಂತ ನಗ್ಬೇಡಿ, ಪೇಪರ್ ಕಳಿಸಿದಾಗ ಮೊದ್ಲು ಕೇಳೋದು ಅದನ್ನೇ, ಆಗ ರೆಂಬೆ ಎಲ್ಲಿಂದ ತರ್ತೀರಿ.

ನಲ್ಲಿ ನೀರಲ್ಲಿ ಎರಡು ಸಲ, ಡಿಸ್ಟಿಲ್ಡ್ ವಾಟರಲ್ಲಿ ಒಂದ್ಸಲ ತೊಳ್ದು, ಬಿಳಿ ಬಟ್ಟೆ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕ್ಬೇಡಿ, ಸಂಡಿಗೆ ಅಲ್ಲ ಇದು. ಕೈಲಿ ಮುರಿದ್ರೆ ಹಪ್ಪಳದ ಥರ ಪಟ್ ಅನ್ಬೇಕು, ಬಗ್ಗಿದ್ರೆ ಇನ್ನೂ ನೀರಿದೆ ಅಂತ. ವಾರ ಹತ್ತು ದಿನ ಹಿಡಿಯತ್ತೆ, ಮಳೆಗಾಲ ಆದ್ರೆ 40 ಡಿಗ್ರಿ ಓವನ್ನಲ್ಲಿ ಇಡಿ, ಇಲ್ಲಾಂದ್ರೆ ಬೂಷ್ಟು ಹಿಡಿಯತ್ತೆ. ಮಿಕ್ಸಿಗೆ ಹಾಕುವಾಗ ಅರ್ಧ ನಿಮಿಷ ತಿರುಗಿಸಿ ನಿಲ್ಸಿ ತಿರುಗಿಸಿ ನಿಲ್ಸಿ ಮಾಡಿ, ಜಾರ್ ಬಿಸಿಯಾಗ್ಬಾರ್ದು. ಮನೆ ಮಿಕ್ಸಿ ತರ್ತೀನಿ ಅನ್ನೋರಿಗೆ ಒಂದು ಮಾತು, ಖಾರದ ಪುಡಿ ಮಾಡಿದ ಜಾರು ಬೇಡ. ಜರಡಿ ಹಿಡಿದು ಗಾಳಿಯಾಡದ ಡಬ್ಬೀಲಿ ಕತ್ತಲಲ್ಲಿ ಇಡಿ.

ಸಾರ ತೆಗೆಯೋದು

10 ಗ್ರಾಂ ಪುಡಿಗೆ 70 ಪರ್ಸೆಂಟ್ ಎಥನಾಲ್ 100 ಎಂಎಲ್, ಕೋನಿಕಲ್ ಫ್ಲಾಸ್ಕಿಗೆ ಹಾಕಿ ಬಾಯಿ ಮುಚ್ಚಿ ಸುತ್ತ ಫಾಯಿಲ್ ಸುತ್ತಿ ರಾತ್ರಿಯೆಲ್ಲ ಶೇಕರಲ್ಲಿ ಬಿಡಿ. ಬೆಳಿಗ್ಗೆ ತೆಳು ಬಟ್ಟೇಲಿ ಸೋಸಿ ಹಿಂಡಿ, ಆಮೇಲೆ ವಾಟ್‌ಮನ್ 1 ಪೇಪರಲ್ಲಿ ಸೋಸಿ. ಉಳಿದ ಚರಟಕ್ಕೆ ಇನ್ನೂ ಒಂದೆರಡು ಸಲ ಹೊಸ ಎಥನಾಲ್ ಹಾಕಿ ಇದೇ ಥರ ತೆಗ್ದು ಎಲ್ಲ ಒಟ್ಟು ಸೇರ್ಸಿ. ರೋಟರಿ ಇವ್ಯಾಪೊರೇಟರಲ್ಲಿ 40-45 ಡಿಗ್ರಿ ದಾಟದ ಹಾಗೆ ಎಥನಾಲ್ ಹಾರಿಸಿ, ಉಳಿದ ನೀರನ್ನ ಫ್ರೀಜ್ ಡ್ರೈ ಮಾಡಿ, ಆ ಮಷೀನ್ ಇಲ್ದಿದ್ರೆ ತೂಕ ನೋಡಿಟ್ಟ ಪೆಟ್ರಿ ಡಿಶ್ಶಲ್ಲಿ 40 ಡಿಗ್ರಿ ಓವನ್ನಲ್ಲಿ ಬಿಡಿ. ಒಣಗಿದ್ಮೇಲೆ ಕಾಕಂಬಿ ಥರ ಅಂಟಂಟು ಕಪ್ಪು ಹಸಿರು ಪದಾರ್ಥ ಡಿಶ್ಶಿಗೆ ಕಚ್ಕೊಂಡಿರತ್ತೆ. ಖಾಲಿ ಡಿಶ್ 42.31 ಗ್ರಾಂ ಇದ್ದು ಈಗ 43.75 ಇದ್ರೆ 1.44 ಗ್ರಾಂ ಸಾರ, ಅಂದ್ರೆ ಈಲ್ಡು 14.4 ಪರ್ಸೆಂಟ್. ಖಾಲಿ ಡಿಶ್ ತೂಕ ಮಾಡೋದು ಮರೆತೋರು ಪ್ರತಿ ಬ್ಯಾಚಲ್ಲೂ ಒಬ್ರು ಇರ್ತಾರೆ.

ಮೇಲೆ ಹೇಳಿದ ಕಪ್ಪು ಹಸಿರು ಕ್ಲೋರೋಫಿಲ್, ಅದೇ ಮುಂದೆ ತಲೆನೋವು. ಅದು 430ರ ಆಸುಪಾಸಲ್ಲಿ ಬೆಳಕನ್ನ ಜೋರಾಗಿ ನುಂಗತ್ತೆ, ನಾವು ಓದೋದು 440ರಲ್ಲಿ, ಅಂದ್ರೆ ಎಜಿಇ ಮಿನುಗಿದ್ದನ್ನ ಹೊರಗೆ ಬರೋಕೂ ಮುಂಚೆ ಇದು ನುಂಗಿಬಿಡತ್ತೆ. ಪುಡಿಯನ್ನ ಮೊದ್ಲು ಹೆಕ್ಸೇನಲ್ಲಿ ತೊಳೆದು ಆ ಹಸಿರು ಎಷ್ಟಾಗತ್ತೋ ಅಷ್ಟು ಇಳಿಸಿ, ಒಣಗಿಸಿ, ಆಮೇಲೆ ಎಥನಾಲ್ ಹಾಕಿದ್ರೆ ಅರ್ಧ ಕಾಟ ತಪ್ಪತ್ತೆ. ಇನ್ನೂ ಸುಲಭ ಬೇಕಾ, ಅಜ್ಜಿ ಕಷಾಯದ ದಾರಿ ಹಿಡೀರಿ, 10 ಗ್ರಾಂ ಪುಡಿ 100 ಎಂಎಲ್ ಕುದಿಯೋ ನೀರಲ್ಲಿ ಕಾಲು ಗಂಟೆ, ನೀರಿಗೆ ಕ್ಲೋರೋಫಿಲ್ ಅಷ್ಟಾಗಿ ಇಳಿಯಲ್ಲ. ಜನ ನಿಜವಾಗಿ ಕುಡಿಯೋದೂ ಕಷಾಯಾನೇ, ಹಾಗಾಗಿ ನನ್ನ ಕೇಳಿದ್ರೆ ಎರಡೂ ಮಾಡಿ ಹೋಲಿಸಿ ನೋಡೋದು ಒಳ್ಳೇದು.

ಸಲ್ಯೂಷನ್‌ಗಳು

ಬಫರ್ ಅಂದ್ರೆ 0.1 ಮೋಲಾರ್ ಸೋಡಿಯಂ ಫಾಸ್ಫೇಟ್, ಪಿಎಚ್ 7.4. ಡೈಸೋಡಿಯಂ 81 ಭಾಗ, ಮಾನೋಸೋಡಿಯಂ 19 ಭಾಗ ಸೇರಿಸಿದ್ರೆ ಹತ್ರ ಬರತ್ತೆ, ಕೊನೇ ಚೂರು ಮೀಟರಲ್ಲಿ ಸರಿ ಮಾಡ್ಕೊಳ್ಳಿ. ಬಾಟ್ಲಿ ಮೇಲೆ ಅನ್‌ಹೈಡ್ರಸ್ಸಾ, ಡೈಹೈಡ್ರೇಟಾ ಅಂತ ಓದಿ ತೂಕ ಹಾಕಿ. ನೀರಿಲ್ಲದ ಮಾನೋಸೋಡಿಯಂ ಆದ್ರೆ ಲೀಟರಿಗೆ 12 ಗ್ರಾಂ, ಡೈಹೈಡ್ರೇಟ್ ಆದ್ರೆ 15.6, ಇದನ್ನ ನೋಡದೆ ತೂಗಿ ಪಿಎಚ್ ಯಾಕೆ ಬರ್ತಿಲ್ಲ ಅಂತ ಮೀಟರನ್ನ ಬೈಯೋರನ್ನ ನೋಡಿದ್ದೀನಿ.

ಬಫರಿಗೆ ಸೋಡಿಯಂ ಅಝೈಡ್ 0.02 ಪರ್ಸೆಂಟ್, ಅಂದ್ರೆ 100 ಎಂಎಲ್‌ಗೆ 20 ಮಿಲಿಗ್ರಾಂ. ಇದು ಬ್ಯಾಕ್ಟೀರಿಯಾ ಬೆಳೀದೇ ಇರ್ಲಿ ಅಂತ. 37 ಡಿಗ್ರಿ, ಪ್ರೋಟೀನು, ಸಕ್ಕರೆ, ಎರಡು ವಾರ, ಕ್ರಿಮಿಗಳಿಗೆ ಇದಕ್ಕಿಂತ ದೊಡ್ಡ ಮದುವೆ ಊಟ ಬೇಕಾ. ನಾನು ಮೊದಲನೇ ಸಲ ಮಾಡಿದಾಗ "ಆರ್ಗ್ಯಾನಿಕ್ ಆಗಿರ್ಲಿ" ಅನ್ನೋ ಥರದ ಯಾವುದೋ ತಲೆಹರಟೆ ಯೋಚನೇಲಿ ಅಝೈಡ್ ಬಿಟ್ಟಿದ್ದೆ, ಐದನೇ ದಿನ ಇನ್ಕ್ಯುಬೇಟರ್ ಬಾಗಿಲು ತೆಗೆದ್ರೆ ಹುಳಿ ಹಿಟ್ಟಿನ ವಾಸನೆ, ಎಲ್ಲ ಟ್ಯೂಬೂ ಗಂಜಿ ಥರ ಬಿಳಿ, ಎಲೆ ಸಾರ ಜಾಸ್ತಿ ಹಾಕಿದ ಟ್ಯೂಬುಗಳು ಮಾತ್ರ ತಿಳಿ. ಸೀಬೆ ಎಲೆ ಬ್ಯಾಕ್ಟೀರಿಯಾ ಕೊಲ್ಲತ್ತೆ ಅಂತ ಆವತ್ತು ಪುಕ್ಕಟೆ ಗೊತ್ತಾಯ್ತು, ಗ್ಲೈಕೇಶನ್ ಬಗ್ಗೆ ಏನೂ ಗೊತ್ತಾಗಲಿಲ್ಲ.

ಆದ್ರೆ ಅಝೈಡ್ ಪಕ್ಕಾ ವಿಷ. ಗ್ಲೌಸ್ ಹಾಕಿ, ಪ್ಲಾಸ್ಟಿಕ್ ಸ್ಪ್ಯಾಚುಲಾದಲ್ಲಿ ತೂಗಿ, ಪುಡಿ ಹಾರದ ಹಾಗೆ ನೋಡ್ಕೊಳ್ಳಿ. ಆಸಿಡ್ ತಾಗಿದ್ರೆ ಹೈಡ್ರಾಝೋಯಿಕ್ ಆಸಿಡ್ ಅನ್ನೋ ವಿಷದ ಗಾಳಿ ಬರತ್ತೆ. ಸಿಂಕಿಗಂತೂ ಸುರೀಲೇಬೇಡಿ, ತಾಮ್ರ ಸೀಸದ ಪೈಪಲ್ಲಿ ಕೂತು ಸಿಡಿಯೋ ಪದಾರ್ಥ ಆಗತ್ತೆ. ಒಂದು ಬಾಟ್ಲಿಗೆ ಅಝೈಡ್ ವೇಸ್ಟ್ ಅಂತ ದಪ್ಪಕ್ಕೆ ಬರ್ದು ಮೊದಲನೇ ದಿನದಿಂದಲೇ ಪಕ್ಕದಲ್ಲಿ ಇಟ್ಕೊಳ್ಳಿ.

ಬಿಎಸ್‌ಎ, ಅಂದ್ರೆ ಹಸುವಿನ ರಕ್ತದ ಆಲ್ಬುಮಿನ್, ಫ್ರಾಕ್ಷನ್ 5 ಸಾಕು, ಎಂಎಲ್‌ಗೆ 20 ಮಿಲಿಗ್ರಾಂ. ಬಫರ್ ಮೇಲೆ ಉದುರಿಸಿ ಸುಮ್ನೆ ಬಿಡಿ, ತಾನಾಗೇ ಇಳ್ಕೊಳತ್ತೆ, ವೋರ್ಟೆಕ್ಸ್ ಮಾಡಿದ್ರೆ ಸೋಪಿನ ನೊರೆ. ಫ್ರಕ್ಟೋಸ್ 1.25 ಮೋಲಾರ್, ಅಂದ್ರೆ 10 ಎಂಎಲ್‌ಗೆ 2.25 ಗ್ರಾಂ. ಗ್ಲೂಕೋಸ್ ಯಾಕಲ್ಲ ಅಂದ್ರೆ ಅದು ಬಲು ನಿಧಾನ, ಒಂದು ತಿಂಗಳು ಕಾಯಿಸತ್ತೆ, ಫ್ರಕ್ಟೋಸ್ ಉಂಗುರ ಬಿಚ್ಕೊಂಡು ನಿಲ್ಲೋದು ಜಾಸ್ತಿ ಇರೋದ್ರಿಂದ ಎರಡು ವಾರದಲ್ಲಿ ಕೆಲಸ ಮುಗಿಯತ್ತೆ. ಹೋಲಿಕೆಗೆ ಅಮಿನೋಗ್ವಾನಿಡಿನ್ ಹೈಡ್ರೋಕ್ಲೋರೈಡ್, 10 ಮಿಲಿಮೋಲಾರ್, 10 ಎಂಎಲ್‌ಗೆ 11 ಮಿಲಿಗ್ರಾಂ. ಇದು ಡೈಕಾರ್ಬೊನಿಲ್‌ಗಳನ್ನ ಹಿಡ್ಕೊಂಡುಬಿಡೋ ಹಳೇ ಪದಾರ್ಥ, ಮನುಷ್ಯರ ಮೇಲಿನ ಟ್ರಯಲ್ ತನಕ ಹೋಗಿ ಸೈಡ್ ಎಫೆಕ್ಟ್ ಚಿಂತೆಯಿಂದ ಔಷಧಿ ಆಗ್ದೇ ನಿಂತೋಯ್ತು, ಟ್ಯೂಬಲ್ಲಿ ಮಾತ್ರ ಇವತ್ತಿಗೂ ಎಲ್ರಿಗೂ ಬೇಕು.

ಎಲೆ ಸಾರಾನ ಮೊದ್ಲು ಡಿಎಂಎಸ್‌ಓ ಅನ್ನೋ ದ್ರಾವಕದಲ್ಲಿ ಎಂಎಲ್‌ಗೆ 100 ಮಿಲಿಗ್ರಾಂ ಕರಗಿಸಿ, ಅದನ್ನ ಬಫರಲ್ಲಿ 20 ಪಟ್ಟು ತೆಳು ಮಾಡಿ ಎಂಎಲ್‌ಗೆ 5 ಮಿಲಿಗ್ರಾಂ ಮಾಡ್ಕೊಳ್ಳಿ. ಕೆಳಗೆ ಕೆಸರು ಕೂತ್ರೆ ಸೆಂಟ್ರಿಫ್ಯೂಜ್ ಮಾಡಿ, ಎಷ್ಟು ಕೂತಿದೆ ಅಂತ ತೂಗಿ ಬರ್ಕೊಳ್ಳಿ, ಯಾಕಂದ್ರೆ ಅಷ್ಟು ಸಾರ ನಿಮ್ಮ ಟ್ಯೂಬಲ್ಲಿ ಇಲ್ಲ. ಇಲ್ಲಿಂದ ಮುಂದೆ 5 ಪರ್ಸೆಂಟ್ ಡಿಎಂಎಸ್‌ಓ ಇರೋ ಬಫರಲ್ಲೇ ಅರ್ಧರ್ಧ ಮಾಡ್ತಾ ಹೋಗಿ, 5, 2.5, 1.25, 0.625, 0.3125. ಬರೀ ಬಫರಲ್ಲಿ ಮಾಡಿದ್ರೆ ಒಂದೊಂದು ಟ್ಯೂಬಲ್ಲಿ ಒಂದೊಂದು ಪ್ರಮಾಣದ ಡಿಎಂಎಸ್‌ಓ ಬಂದು ಹೋಲಿಕೆ ಕೆಡತ್ತೆ.

ಟ್ಯೂಬ್ ಜೋಡಿಸೋದು

ಒಂದು ಟ್ಯೂಬು 1 ಎಂಎಲ್. 500 ಮೈಕ್ರೋಲೀಟರ್ ಬಿಎಸ್‌ಎ, 400 ಫ್ರಕ್ಟೋಸ್, 100 ಎಲೆ ಸಾರ. ಹೀಗೆ ಹಾಕಿದ್ರೆ ಒಳಗೆ ಬಿಎಸ್‌ಎ ಎಂಎಲ್‌ಗೆ 10 ಮಿಲಿಗ್ರಾಂ, ಫ್ರಕ್ಟೋಸ್ 0.5 ಮೋಲಾರ್, ಸಾರ 500 ಮೈಕ್ರೋಗ್ರಾಂನಿಂದ 31.25ರ ತನಕ, ಡಿಎಂಎಸ್‌ಓ ಎಲ್ಲದರಲ್ಲೂ 0.5 ಪರ್ಸೆಂಟ್. ಏನು ಬಿಟ್ಟಿದ್ದೀರೋ ಅದರ ಜಾಗದಲ್ಲಿ ಅಷ್ಟೇ ಬಫರ್ ಹಾಕ್ಬೇಕು, ಸಾರ ಬಿಟ್ಟ ಕಡೆ 5 ಪರ್ಸೆಂಟ್ ಡಿಎಂಎಸ್‌ಓ ಇರೋ ಬಫರ್.

1ನೇ ಗುಂಪು: ಬಿಎಸ್‌ಎ ಮಾತ್ರ
2ನೇ ಗುಂಪು: ಬಿಎಸ್‌ಎ, ಫ್ರಕ್ಟೋಸ್
3ನೇ ಗುಂಪು: ಬಿಎಸ್‌ಎ, ಫ್ರಕ್ಟೋಸ್, ಅಮಿನೋಗ್ವಾನಿಡಿನ್ (ಸಾರದ ಜಾಗದಲ್ಲಿ, ಅದೇ 5 ಪರ್ಸೆಂಟ್ ಡಿಎಂಎಸ್‌ಓ ಬಫರಲ್ಲಿ ಕರಗಿಸಿದ್ದು)
4ನೇ ಗುಂಪು: ಬಿಎಸ್‌ಎ, ಫ್ರಕ್ಟೋಸ್, ಎಲೆ ಸಾರ (ಐದೂ ಪ್ರಮಾಣ)
5ನೇ ಗುಂಪು: ಬಿಎಸ್‌ಎ, ಎಲೆ ಸಾರ (ಐದೂ ಪ್ರಮಾಣ)
6ನೇ ಗುಂಪು: ಫ್ರಕ್ಟೋಸ್, ಎಲೆ ಸಾರ (ಪ್ರೋಟೀನ್ ಇಲ್ಲ)

ಎಲ್ಲ ಮೂರ್ಮೂರು ಟ್ಯೂಬು. 5 ಮತ್ತೆ 6ನ್ನ "ಮೇಡಂ ಇಷ್ಟೊಂದು ಯಾಕೆ" ಅಂತ ಕಳ್ಳಾಟ ಆಡಿ ಬಿಡ್ತಾರೆ, ಅವಿಲ್ದಿದ್ರೆ ಉಳಿದಿದ್ದೆಲ್ಲ ದಂಡ. ಇದ್ರ ಜೊತೆ ಎಂಎಲ್‌ಗೆ 5 ಮಿಲಿಗ್ರಾಂ ಸಾರದ ದ್ರಾವಣ ಒಂದೆರಡು ಎಂಎಲ್ ಹಾಗೇ ಒಂದು ಟ್ಯೂಬಲ್ಲಿ ಅದೇ ಇನ್ಕ್ಯುಬೇಟರಲ್ಲಿ ಇಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ. ಬಿಎಸ್‌ಎ, ಫ್ರಕ್ಟೋಸ್ ಎರಡನ್ನೂ ಹಾಕೋಕೆ ಮುಂಚೆ 0.22 ಮೈಕ್ರಾನ್ ಫಿಲ್ಟರಲ್ಲಿ ಹಾಯಿಸಿ. ಮುಚ್ಚಳ ಬಿಗಿ ಮಾಡಿ ಪ್ಯಾರಾಫಿಲ್ಮ್ ಸುತ್ತಿ, ಕತ್ತಲಲ್ಲಿ 37 ಡಿಗ್ರಿ, 14 ದಿನ. ಕರೆಂಟ್ ಹೋಗೋ ಊರಾದ್ರೆ ಇನ್ಕ್ಯುಬೇಟರ್ ಯುಪಿಎಸ್ ಮೇಲಿದೆಯಾ ನೋಡ್ಕೊಳ್ಳಿ, ಬಾಗಿಲಿಗೆ ಚೀಟಿ ಅಂಟಿಸಿ, ಇಲ್ಲಾಂದ್ರೆ ಮೈಕ್ರೋಬಯಾಲಜಿಯವ್ರು ಯಾರಾದ್ರೂ ಅವರ ಪ್ಲೇಟಿಗೆ ಅಂತ 28 ಡಿಗ್ರಿಗೆ ತಿರುಗಿಸಿ ಹೋಗಿರ್ತಾರೆ.

ಓದೋ ದಿನ

ಕಣ್ಣಲ್ಲಿ ಮೊದ್ಲು ನೋಡಿ. 2ನೇ ಗುಂಪು ತಿಳಿ ಚಹಾ ಬಣ್ಣಕ್ಕೆ ತಿರುಗಿರತ್ತೆ, 1ನೇದು ಹಾಗೇ ಇರತ್ತೆ. ಯಾವುದಾದ್ರೂ ಟ್ಯೂಬು ಮಸುಕಾಗಿದ್ರೆ ಅದನ್ನ ಎಣಿಸ್ಬೇಡಿ, ಯಾಕೆ ಬಿಟ್ರಿ ಅಂತ ಬರ್ದಿಡಿ.

ಪ್ರತಿ ಟ್ಯೂಬಿಂದ 100 ಮೈಕ್ರೋಲೀಟರ್ ತಗೊಂಡು 1.9 ಎಂಎಲ್ ಬಫರಿಗೆ ಹಾಕಿ, 20 ಪಟ್ಟು ತೆಳು, ನಾಲ್ಕೂ ಕಡೆ ತಿಳಿ ಇರೋ ಕ್ಯುವೆಟ್ಟಲ್ಲಿ 370 / 440 ಓದಿ. ಸೂತ್ರ ಇಷ್ಟೇ: 4ನೇ ಗುಂಪಿಂದ 5ನೇದನ್ನ ಕಳೀರಿ, 2ನೇದರಿಂದ 1ನೇದನ್ನ ಕಳೀರಿ, ಮೊದಲ ಉತ್ತರಾನ ಎರಡನೇದರಿಂದ ಭಾಗಿಸಿ, ಒಂದರಿಂದ ಕಳೆದು ನೂರರಿಂದ ಗುಣಿಸಿ. ಲೆಕ್ಕ ತೋರಿಸೋಕೆ ಸುಮ್ನೆ ಅಂಕಿ ಹಾಕ್ತೀನಿ. 1ನೇದು 60, 2ನೇದು 820, 4ನೇದು 300, 5ನೇದು 110. 300ರಲ್ಲಿ 110 ಹೋದ್ರೆ 190, 820ರಲ್ಲಿ 60 ಹೋದ್ರೆ 760, ಭಾಗಿಸಿದ್ರೆ 0.25, ಅಂದ್ರೆ 75 ಪರ್ಸೆಂಟ್ ತಡೆ. 6ನೇ ಗುಂಪು ಹೆಚ್ಚು ಕಮ್ಮಿ ಮಿನುಗದೇ ಇರ್ಬೇಕು, ಮಿನುಗಿದ್ರೆ ಎಲೆಯೊಳಗಿನ ಅಮೈನೋ ಆಸಿಡ್ಡುಗಳೇ ಫ್ರಕ್ಟೋಸ್ ಜೊತೆ ಪೇಡ ಮಾಡ್ಕೊಂಡಿವೆ ಅಂತ ಅನುಮಾನ ಪಡಿ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಇಲ್ಲಿಗೆ ನಿಲ್ಲಿಸಿ ಥೀಸಿಸ್ ಬರೆಯೋರೇ ಜಾಸ್ತಿ. ಒಂದ್ಸಲ ನಮ್ಮ ಹುಡುಗಿ ಒಬ್ಳಿಗೆ 98 ಪರ್ಸೆಂಟ್ ಬಂತು, ಡಿಪಾರ್ಟ್ಮೆಂಟಿಗೆಲ್ಲ ಮೈಸೂರ್ ಪಾಕ್ ಹಂಚಿದ್ಲು, ನಾನೂ ಎರಡು ತಿಂದೆ. ಆಮೇಲೆ ಅವಳ ಕ್ಯುವೆಟ್ ಬೆಳಕಿಗೆ ಹಿಡಿದು ನೋಡಿದ್ರೆ ಹೆಸರುಬೇಳೆ ತೊವ್ವೆಗೆ ಕೊತ್ತಂಬರಿ ರುಬ್ಬಿ ಹಾಕಿದ ಹಾಗೆ ಹಸಿರು, ಅವಳು ತೆಳು ಮಾಡ್ದೇನೇ ಓದಿದ್ಲು. ಬೆಳಕು ಒಳಗೇ ಹೋಗ್ತಿಲ್ಲ, ಹೋಗಿದ್ದು ಹೊರಗೆ ಬರ್ತಿಲ್ಲ, ಇನ್ನು ಮಿನುಗೋದೆಲ್ಲಿಂದ.

ಅದನ್ನ ಹಿಡಿಯೋಕೆ ಎರಡು ದಾರಿ. ಒಂದು, ಓದಿದ ಅದೇ ದ್ರಾವಣಾನ ಸ್ಪೆಕ್ಟ್ರೋಫೋಟೋಮೀಟರಲ್ಲಿ 370ರಲ್ಲೂ 440ರಲ್ಲೂ ಹೀರಿಕೆ ನೋಡಿ. ಎರಡನ್ನೂ ಕೂಡಿಸಿ ಅರ್ಧ ಮಾಡಿ, ಹತ್ತನ್ನ ಆ ಘಾತಕ್ಕೆ ಏರ್ಸಿ, ಬಂದಿದ್ದರಿಂದ ಫ್ಲೋರೆಸೆನ್ಸ್ ಗುಣಿಸಿ. 370ರಲ್ಲಿ 0.2, 440ರಲ್ಲಿ 0.1 ಅಂತಿಟ್ಕೊಳ್ಳಿ, ಅರ್ಧ 0.15, ಹತ್ತರ 0.15ನೇ ಘಾತ 1.41. ಅಂದ್ರೆ ಗ್ಲೈಕೇಶನ್ ಒಂಚೂರೂ ತಡೀದೇ ಇರೋ ಎಲೆ ಕೂಡ ಬರೀ ಬಣ್ಣದಿಂದ 29 ಪರ್ಸೆಂಟ್ ತಡೆ ತೋರಿಸತ್ತೆ. 0.1ಕ್ಕಿಂತ ಕೆಳಗೆ ಹೀರಿಕೆ ಬರೋ ತನಕ ತೆಳು ಮಾಡಿದ್ರೆ ಈ ಕಾಟ ತುಂಬಾ ಕಮ್ಮಿ.

ಎರಡನೇ ದಾರಿ ನನಗೆ ಇನ್ನೂ ಇಷ್ಟ, ಯಾಕಂದ್ರೆ ಇದಕ್ಕೆ ಘಾತ ಗೀತ ಬೇಡ. 14 ದಿನ ಆದ 2ನೇ ಗುಂಪಿನ ಟ್ಯೂಬಿಂದ 100 ಮೈಕ್ರೋಲೀಟರ್ ತಗೊಳ್ಳಿ, 1.89 ಎಂಎಲ್ ಬಫರ್ ಹಾಕಿ, ಅದಕ್ಕೆ ಪಕ್ಕದಲ್ಲಿ ಬೆಚ್ಚಗಿಟ್ಟಿದ್ದ ಎಂಎಲ್‌ಗೆ 5 ಮಿಲಿಗ್ರಾಂ ಸಾರ 10 ಮೈಕ್ರೋಲೀಟರ್ ಹಾಕಿ ಆಗಿಂದಾಗ್ಲೇ ಓದಿ. ಈಗ ಕ್ಯುವೆಟ್ಟಲ್ಲಿ ಸಾರ ಎಂಎಲ್‌ಗೆ 25 ಮೈಕ್ರೋಗ್ರಾಂ, ಅತಿ ಜಾಸ್ತಿ ಸಾರದ 4ನೇ ಗುಂಪನ್ನ ತೆಳು ಮಾಡಿದಾಗ ಎಷ್ಟಿತ್ತೋ ಸರಿಯಾಗಿ ಅಷ್ಟೇ. ವ್ಯತ್ಯಾಸ ಏನಂದ್ರೆ ಇಲ್ಲಿ ಗ್ಲೈಕೇಶನ್ ಮುಗಿದು ಹೋಗಿದೆ, ಸಾರಕ್ಕೆ ತಡೆಯೋಕೆ ಏನೂ ಉಳಿದಿಲ್ಲ. ಹೀಗಿದ್ದೂ ನಂಬರ್ ಇಳಿದ್ರೆ ಅದು ಬಣ್ಣ ನುಂಗಿದ್ದು, ಇಲ್ಲಾ ಎಲೆಯ ಪಾಲಿಫೀನಾಲ್ (ಫ್ಲೇವನಾಯ್ಡ್‌ಗಳೂ ಇದೇ ಗುಂಪು) ಪ್ರೋಟೀನಿಗೆ ಅಂಟಿ ಮಿನುಗು ಆರಿಸಿದ್ದು. ಹೊಸದಾಗಿ ಕರಗಿಸಿದ ಸಾರ ಬೇಡ, ಎರಡು ವಾರದಲ್ಲಿ ಸಾರಾನೂ ಗಾಳಿಗೆ ಕಂದಾಗಿರತ್ತೆ, ಆ ವಯಸ್ಸಾದ ಸಾರಾನೇ ಬೇಕು, ಅದಕ್ಕೇ ಪಕ್ಕದಲ್ಲಿ ಇಡಿ ಅಂದಿದ್ದು.

ಮೇಲಿನ ಉದಾಹರಣೇಲಿ ಈ ಟ್ಯೂಬು 820ರ ಬದ್ಲು 640 ಕೊಡ್ತು ಅನ್ಕೊಳ್ಳಿ. ಅದ್ರಿಂದ 5ನೇ ಗುಂಪಿನ 110 ಕಳೆದ್ರೆ 530. ಈಗ 190ನ್ನ 760ರಿಂದಲ್ಲ, 530ರಿಂದ ಭಾಗಿಸಿ, 0.36 ಬರತ್ತೆ. 75 ಪರ್ಸೆಂಟ್ ಅಂತ ಕುಣೀತಿದ್ದಿದ್ದು 64ಕ್ಕೆ ಬಂತು. 64 ಕೂಡ ಒಳ್ಳೇ ಉತ್ತರಾನೇ ಸ್ವಾಮಿ, ನಿಜ ಇದೆ ಅದ್ರಲ್ಲಿ. ಆ 98ರ ಹುಡುಗಿದು ಈ ಪರೀಕ್ಷೆ ಆದ್ಮೇಲೆ 41ಕ್ಕೆ ಇಳೀತು, ಅತ್ಲು, ಆಮೇಲೆ ವೈವಾದಲ್ಲಿ ಎಲ್ರಿಗಿಂತ ಚೆನ್ನಾಗಿ ಉತ್ತರ ಕೊಟ್ಟಿದ್ದೂ ಅವಳೇ.

ಅರ್ಧ ತಡೆಯೋಕೆ ಎಷ್ಟು ಸಾರ ಬೇಕು ಅನ್ನೋ ಐಸಿ50ನ್ನ ಐದೂ ಪ್ರಮಾಣದ ಗ್ರಾಫಿಂದ ತೆಗೀರಿ, ಐದರಲ್ಲೂ ತಡೆ 50 ದಾಟ್ದೇ ಇದ್ರೆ ಗೆರೆ ಎಳೆದು ಊಹೆ ಮಾಡ್ಬೇಡಿ, "500 ಮೈಕ್ರೋಗ್ರಾಂಗಿಂತ ಜಾಸ್ತಿ" ಅಂತ ಬರೀರಿ ಸಾಕು.

ಫ್ಲೋರೆಸೆನ್ಸ್ ಒಂದನ್ನೇ ನಂಬ್ಬೇಡಿ

ಎಷ್ಟೋ ಎಜಿಇಗಳು ಮಿನುಗೋದೇ ಇಲ್ಲ, ಕಾರ್ಬಾಕ್ಸಿಮೀಥೈಲ್ ಲೈಸೀನ್ ಅದಕ್ಕೆ ದೊಡ್ಡ ಉದಾಹರಣೆ. ಹಾಗಾಗಿ ಇನ್ನೊಂದೆರಡು ಟೆಸ್ಟ್ ಸೇರ್ಸಿ. ಪ್ರೋಟೀನ್ ಕಾರ್ಬೊನಿಲ್ ನೋಡೋ ಡಿಎನ್‌ಪಿಎಚ್ ಟೆಸ್ಟು 370ರಲ್ಲಿ, ಪ್ರೋಟೀನಲ್ಲಿ ಉಳಿದಿರೋ ಥಯೋಲ್ (ಗಂಧಕದ ಗುಂಪು) ನೋಡೋ ಎಲ್‌ಮನ್ ಟೆಸ್ಟು 412ರಲ್ಲಿ, ಎರಡಕ್ಕೂ ಮಾಮೂಲಿ ಸ್ಪೆಕ್ಟ್ರೋ ಸಾಕು. ಮೊದಲ ಹಂತದಲ್ಲಿ ಎಷ್ಟು ಸಕ್ಕರೆ ಅಂಟಿದೆ ಅಂತ ನೋಡೋಕೆ ಫ್ರಕ್ಟೋಸಮೈನ್ ಅಂತ, ಎನ್‌ಬಿಟಿ ಅನ್ನೋ ಬಣ್ಣ ತಿರುಗೋ ಪದಾರ್ಥ ಹಾಕಿ 530ರಲ್ಲಿ ಓದೋ ಟೆಸ್ಟ್ ಎಲ್ರೂ ಮಾಡ್ತಾರೆ, ಆದ್ರೆ ಎಲೆಯ ಪಾಲಿಫೀನಾಲ್ ತಾನೇ ಎನ್‌ಬಿಟಿಯನ್ನ ನೇರಳೆ ಮಾಡ್ಬಿಡತ್ತೆ, ತಡೆದಿದ್ರೂ ತಡೆದಿಲ್ಲ ಅನ್ನೋ ಉತ್ತರ ಬರತ್ತೆ. ಇವುಗಳಿಗೆಲ್ಲ ಮುಂಚೆ ಡಯಾಲಿಸಿಸ್ ಮಾಡಿ, 12 ಕಿಲೋಡಾಲ್ಟನ್ ಚೀಲ, ತಣ್ಣಗಿನ ಬಫರು, ಮೂರು ಸಲ ಬದ್ಲಾಯಿಸಿ. ಬಿಎಸ್‌ಎ 66 ಕಿಲೋಡಾಲ್ಟನ್, ಅದು ಒಳಗೇ ಉಳಿಯತ್ತೆ, ಬಿಡಿ ಸಕ್ಕರೆ, ಬಿಡಿ ಸಾರ, ಅಝೈಡ್ ಹೊರಗೆ ಹೋಗತ್ತೆ. ಟಿಸಿಎ ಹಾಕಿ ಪ್ರೋಟೀನ್ ಇಳಿಸೋದು ಬೇಗ ಆಗತ್ತೆ ನಿಜ, ಆದ್ರೆ ಟಿಸಿಎ ಅಂದ್ರೆ ಆಸಿಡ್ಡು, ಟ್ಯೂಬಲ್ಲಿರೋದು ಅಝೈಡು, ಮೇಲೆ ಏನು ಹೇಳ್ದೆ ನೆನಪಿದೆಯಲ್ಲ, ಫ್ಯೂಮ್ ಹುಡ್ ಇಲ್ದೆ ಅದಕ್ಕೆ ಕೈ ಹಾಕ್ಬೇಡಿ.

ಎಲೆ ಎಲ್ಲಿ ತಡೀತು ಅನ್ನೋ ಪ್ರಶ್ನೆಗೆ ಫ್ರಕ್ಟೋಸ್ ಬದ್ಲು ಮೀಥೈಲ್‌ಗ್ಲೈಆಕ್ಸಾಲ್ ಹಾಕಿದ ಇನ್ನೊಂದು ಸೆಟ್ ಮಾಡಿ. ಅಲ್ಲೂ ತಡೆದ್ರೆ ಎಲೆಯ ಫ್ಲೇವನಾಯ್ಡ್ ಡೈಕಾರ್ಬೊನಿಲನ್ನೇ ಹಿಡ್ಕೋತಿದೆ ಅನ್ನೋ ಸೂಚನೆ. ಫ್ರಕ್ಟೋಸಲ್ಲಿ ಮಾತ್ರ ತಡೆದು ಅಲ್ಲಿ ತಡೀಲಿಲ್ಲ ಅಂದ್ರೆ ಆಂಟಿಆಕ್ಸಿಡೆಂಟ್ ಕೆಲಸ ಅಥವಾ ಬಫರಲ್ಲಿ ಚೂರುಪಾರು ಇರೋ ಕಬ್ಬಿಣ ತಾಮ್ರಾನ ಕಟ್ಟಿ ಹಾಕೋ ಕೆಲಸ ಇರ್ಬಹುದು.

ಹಂಗಾದ್ರೆ ಕುಡಿಯಬಹುದಾ

ಈ ಪ್ರಶ್ನೆ ನಮ್ಮ ಚಿಕ್ಕಮ್ಮ ಕೇಳಿದ್ದು, "ನೀನೇ ಪರೀಕ್ಷೆ ಮಾಡಿದ್ದೀಯಲ್ಲೇ, ನಾನು ಮಾತ್ರೆ ಬಿಟ್ಟು ಎಲೆ ಕುದಿಸ್ಕೊಂಡು ಕುಡೀತೀನಿ" ಅಂತ. ಚಿಕ್ಕಮ್ಮ, ನಾನು ಪರೀಕ್ಷೆ ಮಾಡಿದ್ದು ಹಸುವಿನ ಪ್ರೋಟೀನು, ಗ್ಲಾಸಿನ ಟ್ಯೂಬು. ಫ್ರಕ್ಟೋಸ್ 0.5 ಮೋಲಾರ್ ಅಂದ್ರೆ ಯಾರ ರಕ್ತದಲ್ಲೂ ಇರೋಕೆ ಸಾಧ್ಯ ಇಲ್ಲದ ಪ್ರಮಾಣ, ಎಂಎಲ್‌ಗೆ ನೂರಾರು ಮೈಕ್ರೋಗ್ರಾಂ ಎಲೆ ಸಾರ ರಕ್ತದಲ್ಲಿ ಓಡಾಡೋದೂ ಅಷ್ಟೇ ಅಸಾಧ್ಯ, ಕುಡಿದ ಫ್ಲೇವನಾಯ್ಡಲ್ಲಿ ಬಹುಪಾಲು ಕರುಳಲ್ಲೇ ಬದಲಾಗತ್ತೆ, ಒಳಗೆ ಸೇರೋದು ಚೂರು. ಮಾತ್ರೆ ಬಿಡ್ಬೇಡಿ, ಮಾತ್ರೆ ಜೊತೆಗೆ ದಿನಾ ಕಷಾಯ ಕುಡೀಬೇಕು ಅಂದ್ರೂ ಡಾಕ್ಟರಿಗೆ ಹೇಳಿ ಕುಡೀರಿ, ಎರಡೂ ಸೇರಿ ಶುಗರ್ ತೀರಾ ಇಳಿದು ತಲೆ ಸುತ್ತಿ ಬಿದ್ರೆ ಕಷ್ಟ. ಚಿಕ್ಕಮ್ಮ ಈಗ ಎರಡೂ ತಗೋತಾರೆ, ಎಚ್‌ಬಿಎ1ಸಿ ರಿಪೋರ್ಟ್ ನನಗೆ ವಾಟ್ಸಾಪಲ್ಲಿ ಕಳಿಸ್ತಾರೆ, ನಾನು ಡಾಕ್ಟರಿಗೆ ತೋರ್ಸಿ ಅಂತ ವಾಪಸ್ ಕಳಿಸ್ತೀನಿ.

ವೈವಾಗೆ ಮುಂಚೆ ಒಂದು ಗುಟ್ಟು

ನನ್ನ ವೈವಾದಲ್ಲಿ ಬಂದಿದ್ದ ಎಕ್ಸ್‌ಟರ್ನಲ್ ಸರ್ ಕನ್ನಡಕ ಮೂಗಿನ ತುದೀಲಿಟ್ಕೊಂಡು ಥೀಸಿಸ್ ತಿರುವ್ತಾ ತಿರುವ್ತಾ ಒಂದು ಪುಟದಲ್ಲಿ ನಿಲ್ಲಿಸಿ, "ಏನಮ್ಮ, ಸಕ್ಕರೆ ಯಾವುದು ಹಾಕಿದ್ದು" ಅಂದ್ರು. ಫ್ರಕ್ಟೋಸ್ ಸರ್ ಅಂದೆ. "ಮತ್ತೆ ಇಡೀ ಪುಸ್ತಕದ ತುಂಬಾ ಅಮಡೋರಿ ಅಮಡೋರಿ ಅಂತ ಬರ್ದಿದ್ದೀಯಲ್ಲ" ಅಂದ್ರು. ಅಮಡೋರಿ ಗ್ಲೂಕೋಸ್ ಥರದ ಆಲ್ಡೋಸ್ ಸಕ್ಕರೆಗಳದ್ದು, ಫ್ರಕ್ಟೋಸ್ ಕೀಟೋಸು, ಅದು ಪ್ರೋಟೀನಿಗೆ ಅಂಟಿ ತಿರುಗಿಕೊಳ್ಳೋದಕ್ಕೆ ಹೈನ್ಸ್ ಅಂತ ಬೇರೆ ಹೆಸರೇ ಇದೆ, ನಾನು ಬೇರೆ ಯಾರದ್ದೋ ಗ್ಲೂಕೋಸ್ ಪೇಪರ್ ನೋಡ್ಕೊಂಡು ಕಣ್ಮುಚ್ಚಿ ಇಳಿಸಿದ್ದೆ. ಬೈಂಡ್ ಆಗಿ ಬಂದಿದ್ದ ನಾಲ್ಕೂ ಕಾಪೀಲಿ ಕೂತ್ಕೊಂಡು ಪೆನ್ನಲ್ಲಿ ಹೊಡೆದು ಹೈನ್ಸ್ ಹೈನ್ಸ್ ಅಂತ ತಿದ್ದಿದ್ದೀನಿ, ಒಂದು ಕಾಪಿ ಇನ್ನೂ ಡಿಪಾರ್ಟ್ಮೆಂಟ್ ಲೈಬ್ರರೀಲಿದೆ, ಪ್ರತಿ ವರ್ಷ ಯಾರಾದ್ರೂ ಒಬ್ರು ಅದನ್ನ ತಂದು "ಮೇಡಂ ಇದು ನಿಮ್ಮ ಹ್ಯಾಂಡ್‌ರೈಟಿಂಗಾ" ಅಂತ ಕೇಳ್ತಾರೆ.